ಹೊಳೆಯ ಎರಡು ದಡಕ್ಕೂ ಒಬ್ಬನೇ ಮೈಲಾರ

ಬ್ರಿಟಿಷರ ಕಾಲದಲ್ಲಿ ತುಂಗಭದ್ರೆಯ ಒಂದು ದಡ ಮದರಾಸು ಪ್ರಾಂತ್ಯ, ಎದುರಿನ ಧಾರವಾಡ ಸೀಮೆ ಬಾಂಬೆ ಪ್ರಾಂತ್ಯ. ಕಚೇರಿ ಬೇರೆ, ಕಾಯದೆ ಬೇರೆ. ಆದರೆ ಭರತ ಹುಣ್ಣಿಮೆ ಬಂತೆಂದರೆ ಎರಡೂ ದಡದ ರೈತರ ದಾರಿ ಒಂದೇ ಆಗುತ್ತಿತ್ತು. ಅದು ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ದಾರಿ.

ಮಣಿ-ಮಲ್ಲಾಸುರರನ್ನು ಕೊಲ್ಲಲು ಶಿವನು ಏಳು ಕೋಟಿ ಸೈನ್ಯದೊಡನೆ ಮೈಲಾರಲಿಂಗನಾಗಿ ಬಂದನೆಂಬುದು ಸ್ಥಳ ಪುರಾಣ. ಜಾತ್ರೆಯಲ್ಲಿ ಮೊಳಗುವ ‘ಏಳು ಕೋಟಿ’ ಘೋಷದ ಮೂಲ ಇದೇ. ಮಹಾರಾಷ್ಟ್ರದ ಜೇಜುರಿಯ ಖಂಡೋಬನೂ ಈ ಪರಂಪರೆಯ ದೈವವೇ. ಅಲ್ಲಿಯೂ ಅರಿಸಿನದ ಭಂಡಾರವೇ ಪ್ರಸಾದ.

ಹುಣ್ಣಿಮೆಯ ನಂತರ ಡೆಂಕಣಮರಡಿಯಲ್ಲಿ ನಡೆಯುವ ಕಾರ್ಣಿಕವೇ ಜಾತ್ರೆಯ ಮುಖ್ಯ ಘಟ್ಟ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನರ ಗದ್ದಲ ಒಮ್ಮೆಗೇ ಅಡಗುತ್ತದೆ. ಒಂದೇ ಒಂದು ವಾಕ್ಯ ನುಡಿದು ಆತ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ.

ಆ ವಾಕ್ಯಕ್ಕೆ ರಾಜಕಾರಣಿಗಳು ಕುರ್ಚಿಯ ಅರ್ಥ ಹಚ್ಚುವುದುಂಟು. ರೈತನಿಗೆ ಬೇಕಾದುದು ಮಳೆಯ ಸುದ್ದಿ. ಇದು ಮಳೆಯನ್ನೇ ನಂಬಿದ ಎರೆ ಮತ್ತು ಮಸಾರಿ ಹೊಲಗಳ ನಾಡು. ಮಾಘದ ಹೊತ್ತಿಗೆ ಬಿಳಿಜೋಳದ ಸುಗ್ಗಿ ಬಂದಿರುತ್ತದೆ, ಮುಂದಿನ ಬಿತ್ತನೆಗೆ ಇನ್ನೂ ತಿಂಗಳುಗಳಿರುತ್ತವೆ. ಬೀಜ, ಸಾಲ, ಎತ್ತುಗಳ ಲೆಕ್ಕ ಹಾಕುವ ಕಾಲದಲ್ಲೇ ಕಾರ್ಣಿಕ ಬರುವುದು ಗಮನಾರ್ಹ. ನುಡಿ ನಿಜವಾಗುತ್ತದೆಯೇ ಎಂಬ ಚರ್ಚೆ ಪ್ರತಿ ವರ್ಷವೂ ಇದೆ. ಬರದ ಭಯವನ್ನು ಒಬ್ಬೊಬ್ಬರೇ ಹೊರದೆ, ಎಲ್ಲರೂ ಒಂದೆಡೆ ಕೂಡಿ ಕೇಳುವ ಗಳಿಗೆ ಅದು ಎಂಬುದರಲ್ಲಿ ಮಾತ್ರ ಚರ್ಚೆಯಿಲ್ಲ.

ಎರಡು ದಿನ ಬಿಡುವು ಮಾಡಿಕೊಂಡು ಬಂದವರು ಜಾತ್ರೆಯಷ್ಟನ್ನೇ ನೋಡಿ ಮರಳಬೇಕಾಗಿಲ್ಲ. ಕಪ್ಪು ಕಂಬಳಿ ಹೊದ್ದು, ಕರಡಿ ಕೂದಲಿನ ಟೊಪ್ಪಿಗೆ ತೊಟ್ಟು, ಡಮರುಗ ಹಿಡಿದ ಗೊರವರ ಕುಣಿತ ಕಣ್ಣಿಗೆ ಹಬ್ಬ. ಸಮೀಪದ ಕುರುವತ್ತಿಯ ಮಲ್ಲಿಕಾರ್ಜುನ ಗುಡಿಯಲ್ಲಿ ಕಲ್ಯಾಣ ಚಾಲುಕ್ಯರ ಕಾಲದ ಮದನಿಕೆಯರಿದ್ದಾರೆ. ಹಿರೇಹಡಗಲಿ, ಮಾಗಳ, ಹರಪನಹಳ್ಳಿ ತಾಲ್ಲೂಕಿನ ಬಾಗಳಿಗಳಲ್ಲೂ ಹಳೆಯ ಗುಡಿಗಳುಂಟು. ಮರಳುವಾಗ ಹಡಗಲಿಯ ಮಲ್ಲಿಗೆ ಕೊಳ್ಳಬಹುದು. ಹೊಳೆಯ ಆಚೆ, ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮೈಲಾರನು ಮಾಲತೇಶನಾಗಿ ನೆಲೆಸಿದ್ದಾನೆ. ನವರಾತ್ರಿಯ ಸಮಯದಲ್ಲಿ ಅಲ್ಲಿಯೂ ಕಾರ್ಣಿಕ ನಡೆಯುತ್ತದೆ.

ಗಡಿಗಳು ಮಾತ್ರ ಬದಲಾಗುತ್ತಲೇ ಬಂದವು. 1800ರಲ್ಲಿ ನಿಜಾಮನು ಬಳ್ಳಾರಿ ಸೀಮೆಯನ್ನು ಕಂಪೆನಿಗೆ ಬಿಟ್ಟುಕೊಟ್ಟ. 1953ರಲ್ಲಿ ಹಡಗಲಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. 1956ರ ಏಕೀಕರಣದಲ್ಲಿ ಎದುರು ದಡವೂ ಜೊತೆಯಾಯಿತು. 2021ರಿಂದ ಮೈಲಾರ ವಿಜಯನಗರ ಜಿಲ್ಲೆಯಲ್ಲಿದೆ. ಆಳುವವರ ನಕಾಶೆಗಳು ಹೊಳೆಯನ್ನು ಗಡಿಯೆಂದು ಗುರುತಿಸಿದ್ದ ಕಾಲದಲ್ಲೂ, ಜಾತ್ರೆಗೆ ಹೊರಟವರಿಗೆ ಅದು ದಾಟಬೇಕಾದ ನೀರು ಮಾತ್ರವಾಗಿತ್ತು.