ಹೆಸರಿಲ್ಲದ ಗೊಂಬೆ, ಹೆಸರಾಂತ ವೀರ

ನವರಾತ್ರಿ ಬಂತೆಂದರೆ ಅಟ್ಟದ ಪೆಟ್ಟಿಗೆಯಿಂದ ಪಟ್ಟದ ಗೊಂಬೆಗಳು ಕೆಳಗಿಳಿಯುತ್ತವೆ. ಹಳೆಯ ಬಟ್ಟೆ ತೆಗೆದು, ಹೊಸ ಜರಿಯ ಬಟ್ಟೆ ಉಡಿಸಿ, ಮಣಿಸರ ತೊಡಿಸಿದರೆ, ನಿನ್ನೆಯವರೆಗೆ ಕತ್ತಲೆಯಲ್ಲಿದ್ದ ಮರದ ತುಂಡುಗಳೆರಡು ಇಂದು ರಾಜ, ರಾಣಿ. ಅವರನ್ನು ರಾಜ ರಾಣಿಯರನ್ನಾಗಿ ಮಾಡಿದವರು ಮರ ಕಡೆದ ಕುಶಲಿಗಳೋ, ಬಟ್ಟೆ ಉಡಿಸಿದ ಮನೆಯವರೋ ಎಂದು ನಾವು ಕೇಳಿಕೊಳ್ಳುವುದಿಲ್ಲ. ಆದರೆ ಅಮೆರಿಕದ ಆಟಿಕೆಗಳ ಚರಿತ್ರೆಯಲ್ಲಿ ಈ ಪ್ರಶ್ನೆ ಎದ್ದು ನಿಂತಿದೆ. ಅಂಗಡಿಯಲ್ಲಿ ಕೊಂಡ ಗೊಂಬೆಯೊಂದನ್ನು ಬಿಚ್ಚಿ, ತಿದ್ದಿ, ಬಣ್ಣ ಹಚ್ಚಿ, ತನಗೆ ಪ್ರಿಯನಾದ ಚಿತ್ರಕಥೆಯ ವೀರನನ್ನಾಗಿ ಮಾಡಿಕೊಳ್ಳುವ ಹವ್ಯಾಸ ಅಲ್ಲಿ ಬೆಳೆದಿದೆ. ಅದು ಬೆಳೆದ ಬಗೆಯನ್ನು ಇಲ್ಲಿ ನಿಮ್ಮ ಮುಂದಿಡುತ್ತೇನೆ.

ಕಥೆಯ ಬೇರು ಇರುವುದು ಜರ್ಮನಿಯಲ್ಲಿ. 1952ರಲ್ಲಿ ಅಲ್ಲಿನ ‘ಬಿಲ್ಡ್’ ಪತ್ರಿಕೆಯಲ್ಲಿ ಲಿಲಿ ಎಂಬ ಚೆಲುವೆಯ ವ್ಯಂಗ್ಯಚಿತ್ರ ಬರತೊಡಗಿತು. ಓದುಗರ ಮೆಚ್ಚುಗೆ ಗಳಿಸಿದ ಅವಳು 1955ರಲ್ಲಿ ಗೊಂಬೆಯಾದಳು. ಯೂರೋಪಿಗೆ ಪ್ರವಾಸ ಹೋಗಿದ್ದ ಅಮೆರಿಕದ ರೂತ್ ಹ್ಯಾಂಡ್ಲರ್ ಆ ಗೊಂಬೆಯನ್ನು ಕಂಡು ಕೊಂಡು ತಂದರು. 1959ರಲ್ಲಿ ಅವರ ಮ್ಯಾಟೆಲ್ ಸಂಸ್ಥೆ ಹೊರತಂದ ಬಾರ್ಬಿಗೆ ಈ ಲಿಲಿಯೇ ಮಾದರಿ. ಚಿತ್ರದಿಂದ ಇಳಿದು ಬಂದ ಹೆಣ್ಣು ತನ್ನ ಹಳೆಯ ಕಥೆಯನ್ನು ಕಳೆದುಕೊಂಡು, ತೊಡಿಸಿದ ಉಡುಪಿಗೆ ತಕ್ಕ ಪಾತ್ರವಾಗುವ ಗೊಂಬೆಯಾದಳು. ಗೊಂಬೆ ಒಂದಾದರೂ ಉಡುಪುಗಳನ್ನು ಹಲವು ಬಾರಿ ಮಾರಬಹುದೆಂಬ ವ್ಯಾಪಾರದ ಗುಟ್ಟೂ ಇದರಲ್ಲಿತ್ತು.

ಈ ಗುಟ್ಟನ್ನು ಗಂಡುಹುಡುಗರ ಆಟಕ್ಕೆ ಒಗ್ಗಿಸಿದ್ದು ಹ್ಯಾಸ್‌ಬ್ರೊ ಸಂಸ್ಥೆ. 1964ರಲ್ಲಿ ಅದು ಜಿ. ಐ. ಜೋ ಎಂಬ ಸಿಪಾಯಿಯನ್ನು ಮಾರುಕಟ್ಟೆಗೆ ತಂದಿತು. ಸುಮಾರು ಒಂದಡಿ ಎತ್ತರ. ಕೈಕಾಲು ಕೀಲುಗಳೆಲ್ಲ ಸೇರಿ ಚಲಿಸುವ ಭಾಗಗಳು 21. ಬಲಗೆನ್ನೆಯ ಮೇಲೊಂದು ಗಾಯದ ಗುರುತು. ಹುಡುಗರು ಗೊಂಬೆಯಾಡುವುದೆಂದರೆ ಹೆತ್ತವರು ಮೂಗು ಮುರಿದಾರೆಂಬ ಅಳುಕು ಸಂಸ್ಥೆಯವರಿಗೆ ಇತ್ತು. ಆದ್ದರಿಂದ ‘ಗೊಂಬೆ’ ಎಂಬ ಮಾತನ್ನೇ ಬಿಟ್ಟು ‘ಆಕ್ಷನ್ ಫಿಗರ್’ ಎಂಬ ಹೊಸ ಹೆಸರಿಟ್ಟರು.

ಎರಡು ವರ್ಷಗಳ ಬಳಿಕ, 1966ರಲ್ಲಿ, ಐಡಿಯಲ್ ಸಂಸ್ಥೆಯ ಕ್ಯಾಪ್ಟನ್ ಆಕ್ಷನ್ ಬಂದ. ಬೇರೆ ವೀರರ ವೇಷ ಧರಿಸುವುದೇ ಇವನ ಕಸುಬು. ಮುಖಕ್ಕೊಂದು ಮೆದುವಾದ ಮುಖವಾಡ, ಮೈಗೊಂದು ಉಡುಪು ಹಾಕಿದರೆ ಅವನು ಸೂಪರ್‌ಮ್ಯಾನ್, ಅವನ್ನು ತೆಗೆದು ಬೇರೆ ತೊಡಿಸಿದರೆ ಬ್ಯಾಟ್‌ಮ್ಯಾನ್, ಇನ್ನೊಮ್ಮೆ ಫ್ಯಾಂಟಮ್. ಈ ಕೊನೆಯವನು ನಮಗೆ ಹೊಸಬನಲ್ಲ. 1936ರಲ್ಲಿ ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್, 1964ರಲ್ಲಿ ಆರಂಭವಾದ ಇಂದ್ರಜಾಲ ಕಾಮಿಕ್ಸ್ ಮೂಲಕ ಭಾರತದ ಎಷ್ಟೋ ಮನೆಗಳ ಮಕ್ಕಳಿಗೆ ಪರಿಚಿತನಾಗಿದ್ದ. ಹೀಗೆ ಗೊಂಬೆಯನ್ನು ಚಿತ್ರಕಥೆಯ ವೀರನನ್ನಾಗಿ ಮಾರ್ಪಡಿಸುವ ಆಟವನ್ನು ಸಂಸ್ಥೆಯೇ ಪೆಟ್ಟಿಗೆಯಲ್ಲಿಟ್ಟು ಮಾರಿತು. ಆದರೆ ಯಾರ ವೇಷ ಸಿಗಬೇಕೆಂಬುದನ್ನೂ ಸಂಸ್ಥೆಯೇ ಗೊತ್ತುಮಾಡುತ್ತಿತ್ತು. 1968ರ ಹೊತ್ತಿಗೆ ಆ ಕ್ಯಾಪ್ಟನ್ನನ ಆಟ ಮುಗಿಯಿತು.

1972ರಲ್ಲಿ ಮೆಗೊ ಸಂಸ್ಥೆ ಎಂಟು ಅಂಗುಲದ ವೀರರನ್ನು ಹೊರತಂದಿತು. ಇವರಲ್ಲಿ ಬಹುಮಂದಿಗೆ ದೇಹ ಒಂದೇ ಅಚ್ಚಿನದು. ತಲೆ ಮತ್ತು ಬಟ್ಟೆ ಮಾತ್ರ ಬೇರೆ ಬೇರೆ. ಖರ್ಚು ಉಳಿಸಲು ಸಂಸ್ಥೆ ಕಂಡುಕೊಂಡ ಈ ಉಪಾಯ ಕೊಂಡವರಿಗೂ ದಾರಿ ತೋರಿಸಿತು. ಒಬ್ಬನ ತಲೆಯನ್ನು ಇನ್ನೊಬ್ಬನ ಹೆಗಲ ಮೇಲೆ ಕೂರಿಸಿ, ಮನೆಯಲ್ಲೇ ಹೊಲಿದ ಉಡುಪು ತೊಡಿಸಿದರೆ, ಅಂಗಡಿಯಲ್ಲಿ ಸಿಗದವನೂ ಸಿಕ್ಕಂತಾಯಿತು.

ಸಿಗದವರು ಯಾರು ಎಂಬುದನ್ನು ನೀವು ಸ್ವಲ್ಪ ಗಮನಿಸಬೇಕು. ಹ್ಯಾಸ್‌ಬ್ರೊ 1965ರಲ್ಲಿ ಕಪ್ಪು ಸಿಪಾಯಿಯೊಬ್ಬನನ್ನು ಹೊರತಂದಾಗ, ಬಿಳಿಯ ಸಿಪಾಯಿಯ ತಲೆಯ ಅಚ್ಚನ್ನೇ ಬಳಸಿ ಬಣ್ಣವನ್ನಷ್ಟೇ ಬದಲಿಸಿತ್ತು. ಚಿತ್ರಕಥೆಗಳಲ್ಲಿ ಫಾಲ್ಕನ್ ಎಂಬ ಕಪ್ಪು ವೀರ ಕಾಣಿಸಿಕೊಂಡದ್ದು 1969ರಲ್ಲಿ; ಮೆಗೊ ಅವನನ್ನು ಗೊಂಬೆಯಾಗಿ ಮಾಡಿದ್ದು 1974ರಲ್ಲಿ. ತನ್ನಂತೆಯೇ ಇರುವ ವೀರನೊಬ್ಬ ಕೈಗೆ ಸಿಗಲೆಂದು ಒಂದು ಮಗು ಐದು ವರ್ಷ ಕಾಯುವುದೆಂದರೆ, ಅಷ್ಟರಲ್ಲಿ ಅದರ ಬಾಲ್ಯದ ಅರ್ಧ ಕಳೆದಿರುತ್ತದೆ. ಗೊಂಬೆ ತಿದ್ದುವ ಕೆಲಸ ಬರಿಯ ಹೊತ್ತು ಕಳೆಯುವ ಆಟವಲ್ಲವೆಂದು ನನಗೆ ತೋರುವುದು ಇಲ್ಲಿಯೇ.

ಈ ಕೆಲಸವನ್ನು ಸುಲಭಗೊಳಿಸಿದ್ದು ಒಂದು ತಿರುಪುಮೊಳೆ. 1982ರಲ್ಲಿ ಜಿ. ಐ. ಜೋ ನಾಲ್ಕು ಅಂಗುಲಕ್ಕೂ ಕಡಮೆ ಎತ್ತರದವನಾಗಿ ಮರಳಿ ಬಂದ. ಅವನ ಬೆನ್ನಿನಲ್ಲೊಂದು ತಿರುಪುಮೊಳೆ. ಒಳಗೆ ಸೊಂಟ ಕಾಲುಗಳನ್ನು ಎದೆಯ ಭಾಗಕ್ಕೆ ಬಿಗಿದಿಡುವ ರಬ್ಬರ್ ಬಳೆ. ಮೊಳೆಯನ್ನು ಬಿಚ್ಚಿದರೆ ಅವಯವಗಳೆಲ್ಲ ಬಿಡಿಬಿಡಿಯಾಗುತ್ತಿದ್ದವು; ಬೇಕಾದಂತೆ ಮತ್ತೆ ಜೋಡಿಸಬಹುದಾಗಿತ್ತು. ಅದೇ ವರ್ಷ ಮಾರ್ವೆಲ್ ಸಂಸ್ಥೆ ಇದೇ ಹೆಸರಿನ ಚಿತ್ರಕಥೆಯನ್ನು ಆರಂಭಿಸಿತು. ಬರೆದವರು ಲ್ಯಾರಿ ಹಾಮ. ಎರಡನೆಯ ಸಂಚಿಕೆಯಲ್ಲಿ ಹಿಮನಾಡಿನ ಬೇಟೆಗಾರ ಕ್ವಿನ್ ಎಂಬ ಗಟ್ಟಿಗ ಬರುತ್ತಾನೆ. ಕಥೆಯಲ್ಲಿ ಅವನಿದ್ದ, ಆ ದಿನಗಳ ಅಂಗಡಿಯಲ್ಲಿ ಇರಲಿಲ್ಲ. ಅವನು ಬೇಕೆಂದವನಿಗೆ ತಿರುಪುಳಿ ಹಿಡಿಯುವುದೊಂದೇ ದಾರಿ.

ಕೆಲಸ ನಡೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ. ಗಟ್ಟಿಯಾಗಿ ಕೂತ ತಲೆಯನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಪ್ಲಾಸ್ಟಿಕ್ ಮೆತ್ತಗಾಗಿ ಕಳಚಿಬರುತ್ತದೆ. ಬೇಡದ ಉಬ್ಬುಗಳನ್ನು ಚಾಕುವಿನಿಂದ ಕೆತ್ತಿ, ಉಜ್ಜುಕಾಗದದಿಂದ ನಯಮಾಡುತ್ತಾರೆ. ಎರಡು ಭಾಗಗಳನ್ನು ಬೆರೆಸಿ ನಾದುವ ಎಪಾಕ್ಸಿ ಪುಟ್ಟಿಯಿಂದ ಮೂಗು, ಕೂದಲು, ಕುಲಾವಿಗಳನ್ನು ತಿದ್ದುತ್ತಾರೆ. ಕೆಲವು ಗಂಟೆಗಳಲ್ಲಿ ಅದು ಗಟ್ಟಿಯಾಗುತ್ತದೆ. ಬಳಿಕ ತೆಳುವಾಗಿ ಹಲವು ಸಲ ಬಣ್ಣ. ಕೀಲುಗಳ ಹತ್ತಿರ ದಪ್ಪನಾಗಿ ಹಚ್ಚಿದರೆ ಕೈ ಎತ್ತಿದೊಡನೆ ಬಣ್ಣ ಸುಲಿಯುತ್ತದೆ. ಬಿಸಿನೀರು, ಚಾಕುಗಳ ಕೆಲಸ ದೊಡ್ಡವರದೇ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಕೈಚಳಕದಷ್ಟೇ ತಿಳುವಳಿಕೆಯೂ ಇದಕ್ಕೆ ಬೇಕು. ಫ್ಯಾಂಟಮ್‌ನನ್ನು ಮಾಡಹೊರಟಿರೆಂದುಕೊಳ್ಳಿ. ಕಪ್ಪು ಮುಖವಾಡ, ಪಟ್ಟೆಯ ಚಡ್ಡಿ, ಎರಡು ಪಿಸ್ತೂಲು, ಬಲಗೈ ಬೆರಳಲ್ಲಿ ತಲೆಬುರುಡೆಯ ಉಂಗುರ—ಇಷ್ಟು ಸರಿ. ಮೈಯ ಬಣ್ಣ ಯಾವುದು? ಲೀ ಫಾಕ್ ಕಲ್ಪಿಸಿಕೊಂಡಿದ್ದು ಬೂದುಬಣ್ಣ. 1939ರಲ್ಲಿ ಭಾನುವಾರದ ಬಣ್ಣದ ಪುಟಗಳು ಆರಂಭವಾದಾಗ ಅಚ್ಚಾದದ್ದು ನೇರಳೆ. ಸ್ವೀಡನ್ನಿನ ಓದುಗರಿಗೆ ಅವನು ನೀಲಿ, ಇಟಲಿಯವರಿಗೆ ಕೆಂಪು. ನಿಮ್ಮ ಕುಂಚ ಯಾವ ಡಬ್ಬಿಗೆ ಇಳಿಯುತ್ತದೆಂಬುದು ನೀವು ಎಲ್ಲಿ ಕುಳಿತು ಅವನ ಕಥೆ ಓದಿದಿರಿ ಎಂಬುದನ್ನು ಅವಲಂಬಿಸಿರುತ್ತದೆ.

ಇತ್ತ ಗೊಂಬೆಯೋ ಅಲ್ಲವೋ ಎಂಬ ಹಳೆಯ ಪ್ರಶ್ನೆ ಅಮೆರಿಕದ ನ್ಯಾಯಾಲಯಕ್ಕೂ ಹೋಯಿತು. ಆಮದಿನ ಸುಂಕ ಆಗ ಗೊಂಬೆಗೊಂದು, ಇತರ ಆಟಿಕೆಗೊಂದು ಇತ್ತು. ‘ಗೊಂಬೆ’ ಎಂಬ ಹೆಸರನ್ನು ಬಿಟ್ಟು ಹುಟ್ಟಿದ್ದ ಜಿ. ಐ. ಜೋ ಗೊಂಬೆಯೇ ಸರಿ ಎಂದು 1989ರಲ್ಲಿ ತೀರ್ಪಾಯಿತು. ಆದರೆ 2003ರಲ್ಲಿ ಎಕ್ಸ್-ಮೆನ್ ಚಿತ್ರಕಥೆಯ ಪಾತ್ರಗಳ ವಿಷಯ ಬಂದಾಗ, ಅವು ಮನುಷ್ಯರ ರೂಪಗಳಲ್ಲ, ಆದ್ದರಿಂದ ಗೊಂಬೆಗಳಲ್ಲ, ಆಟಿಕೆಗಳು ಎಂದು ನ್ಯಾಯಾಲಯ ಹೇಳಿತು. ಗೊಂಬೆಗೆ ಶೇಕಡ 12ರ ಸುಂಕ ಇತ್ತು, ಆಟಿಕೆಗೆ ಶೇಕಡ 6.8. ಸಂಸ್ಥೆಗೆ ಹಣ ಉಳಿಯಿತು. ಜನರಿಂದ ದೂರವಿಡಲ್ಪಟ್ಟರೂ ತಾವೂ ಮನುಷ್ಯರೇ ಎಂದು ಕಥೆಯುದ್ದಕ್ಕೂ ಹೋರಾಡುವ ಆ ವೀರರಿಗೆ ಮಾತ್ರ ಮನುಷ್ಯರೆಂಬ ಹೆಸರು ಸಿಗಲಿಲ್ಲ. ಅವರನ್ನು ಮೆಚ್ಚಿದ ಓದುಗರು ಇದರಿಂದ ನೊಂದುಕೊಂಡದ್ದು ಸಹಜವೇ.

ಅಚ್ಚು ಹಾಕುವವನು ಲಾಭದ ಲೆಕ್ಕ ಹಾಕುತ್ತಾನೆ. ತಪ್ಪೇನಿಲ್ಲ, ಅದು ಅವನ ಕಸುಬು. ಆ ಲೆಕ್ಕದಲ್ಲಿ ಬಿಟ್ಟುಹೋದವರನ್ನು ಮನೆಯ ಮೇಜಿನ ಮೇಲೆ ಮಾಡಿಕೊಳ್ಳುವುದು ಆಡುವವನಿಗೆ ಉಳಿದ ಹಕ್ಕು. ಮುಂದೆ ಎಂದಾದರೂ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಕಾಸು ಕೊಟ್ಟು ತಂದ ಗೊಂಬೆಯ ತಲೆ ಕಿತ್ತು ಕುಳಿತಿದ್ದರೆ, ಹಾಳುಮಾಡಿದೆಯಲ್ಲಾ ಎಂದು ಗದರುವ ಮೊದಲು ಒಂದು ಮಾತು ಕೇಳಿ ನೋಡಿ: ಯಾರನ್ನು ಮಾಡುತ್ತಿದ್ದೀಯೆ, ಮಗು? ಬರುವ ಉತ್ತರ ನಿಮ್ಮನ್ನು ಅಲ್ಲೇ ಕೂರಿಸಿಕೊಳ್ಳಬಹುದು.