ಬಲಗೈಗೆ ಎಪ್ಪತ್ತು, ಎಡಗೈಗೆ ಅರವತ್ತು

1923ರಲ್ಲಿ ಬ್ರಿಟಿಷ್ ಇಂಡಿಯಾದ ಸರ್ಕಾರ ದುಡಿಯುವವನ ದೇಹಕ್ಕೊಂದು ದರಪಟ್ಟಿ ಬರೆಯಿತು. ಕೆಲಸ ಮಾಡುವಾಗ ಬಲಗೈ ಮೊಣಕೈಯಿಂದ ಮೇಲಕ್ಕೆ ಹೋದರೆ ಗಳಿಕೆಯ ಶಕ್ತಿಯಲ್ಲಿ ನೂರಕ್ಕೆ 70 ಪಾಲು ನಷ್ಟವಾಯಿತೆಂದು ಲೆಕ್ಕ. ಎಡಗೈ ಆದರೆ 60. ಕಾಲು ಮೊಣಕಾಲಿನಿಂದ ಮೇಲೆ ಹೋದರೆ 60, ಕೆಳಗೆ ಹೋದರೆ 50. ಕಿವಿ ಪೂರ್ತಿ ಕೇಳದಾದರೆ 50, ಒಂದು ಕಣ್ಣಿಗೆ 30, ಹೆಬ್ಬೆರಳಿಗೆ 25, ತೋರುಬೆರಳಿಗೆ 10. ಉಳಿದ ಬೆರಳುಗಳಿಗೆ ತಲಾ ಐದೇ. ಎಡಚನೊಬ್ಬ ಎಡಗೈ ಕಳೆದುಕೊಂಡರೆ ಏನು ಗತಿ ಎಂಬುದನ್ನು ಪಟ್ಟಿ ಯೋಚಿಸಿರಲಿಲ್ಲ.

ಇದು ಕಾರ್ಮಿಕರ ಪರಿಹಾರ ಕಾಯ್ದೆಯ ಮೊದಲನೇ ಅನುಸೂಚಿ. ಕಾಯ್ದೆ ಜಾರಿಗೆ ಬಂದದ್ದು 1924ರ ಜುಲೈ 1ರಂದು. ಇವತ್ತು ಓದಿದರೆ ಕಟುಕನ ಅಂಗಡಿಯ ಬೋರ್ಡಿನಂತೆ ಕಾಣುವ ಈ ಪಟ್ಟಿ ಆ ಕಾಲಕ್ಕೆ ದೊಡ್ಡ ಉಪಕಾರವೇ ಆಗಿತ್ತು. ಅದಕ್ಕೆ ಮೊದಲು ಕೈಕಾಲು ಕಳೆದುಕೊಂಡ ಕೂಲಿಗೆ ಮಾಲೀಕನ ಮೇಲೆ ದಾವೆ ಹೂಡಿ ಗೆಲ್ಲುವ ದಾರಿ ಹೆಚ್ಚುಕಡಿಮೆ ಮುಚ್ಚಿಯೇ ಇತ್ತು.

ಮುಚ್ಚಿದ್ದು ಇಂಗ್ಲೆಂಡಿನ ಒಂದು ಮಾಂಸದ ಅಂಗಡಿಯ ಜಗಳ. ಫೌಲರ್ ಎಂಬ ವ್ಯಾಪಾರಿ ತನ್ನ ಕೆಲಸದ ಹುಡುಗ ಪ್ರೀಸ್ಟ್ಲಿಯನ್ನು ಸಾಮಾನು ತುಂಬಿದ ಗಾಡಿಯಲ್ಲಿ ಕಳಿಸಿದ. ಹೊರೆ ಮಿತಿ ಮೀರಿ ಗಾಡಿ ಮುರಿಯಿತು, ಹುಡುಗನ ತೊಡೆಯ ಮೂಳೆಯೂ ಮುರಿಯಿತು. ಜ್ಯೂರಿಯವರು ನೂರು ಪೌಂಡು ಕೊಡಿಸಿದರು. 1837ರಲ್ಲಿ ನ್ಯಾಯಾಧೀಶ ಲಾರ್ಡ್ ಅಬಿಂಜರ್ ಅದನ್ನು ತಳ್ಳಿಹಾಕಿದ. ಇಂಥ ದಾವೆಗಳಿಗೆ ಬಾಗಿಲು ತೆರೆದರೆ ಕೊನೆಯೆಲ್ಲಿ ಎಂಬುದು ಅವನ ಭಯ. ಹಾಸಿಗೆ ತೇವವಾಗಿತ್ತೆಂದು ಒಬ್ಬ ಆಳು ಬರುತ್ತಾನೆ, ಅಡುಗೆಯವಳು ತಾಮ್ರದ ಪಾತ್ರೆಯನ್ನು ಸರಿಯಾಗಿ ಉಜ್ಜಲಿಲ್ಲವೆಂದು ಇನ್ನೊಬ್ಬ ಬರುತ್ತಾನೆ. ಕಲಾಯಿ ಹೋದ ತಾಮ್ರದ ಪಾತ್ರೆ ಏನು ಮಾಡುತ್ತದೆಂದು ಬಲ್ಲ ನಮ್ಮವರಿಗೆ ಆ ಎರಡನೆಯವನ ದೂರು ಅಷ್ಟೇನೂ ಹಾಸ್ಯಾಸ್ಪದವಲ್ಲ. ಈ ತೀರ್ಪಿನಿಂದ ಬೆಳೆದ ನಿಯಮ ಹೀಗಿತ್ತು: ಜೊತೆಗಾರ ಕೆಲಸಗಾರನ ತಪ್ಪಿನಿಂದ ಏಟಾದರೆ ಮಾಲೀಕ ಹೊಣೆಯಲ್ಲ. ಆ ಅಪಾಯವನ್ನು ಒಪ್ಪಿಕೊಂಡೇ ಆಳು ಕೆಲಸಕ್ಕೆ ಸೇರಿದ್ದಾನೆ. ನೂರಾರು ಜನ ಒಟ್ಟಿಗೆ ದುಡಿಯುವ ಗಣಿಯಲ್ಲೂ ರೈಲಿನಲ್ಲೂ ಬಹುತೇಕ ಅಪಘಾತ ಯಾರೋ ಒಬ್ಬ ಜೊತೆಗಾರನ ಕೈತಪ್ಪೇ ಆಗಿರುತ್ತದೆ. ಹಾಗಾಗಿ ಮಾಲೀಕರಿಗೆ ಇದಕ್ಕಿಂತ ಗಟ್ಟಿಯಾದ ಕೋಟೆ ಬೇಕಿರಲಿಲ್ಲ.

ಗಾಡಿ ಮುರಿದು ಏಟಾದರೆ ಯಾರು ಹೊಣೆ ಎಂಬ ಪ್ರಶ್ನೆ ನಮ್ಮ ಕಡೆ ಇನ್ನೂ ಹಳೆಯದು. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಎತ್ತಿನ ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಅಥವಾ ಚಕ್ರ ಮುರಿದರೆ, ಗಾಡಿಯವನು ‘ದಾರಿ ಬಿಡಿ’ ಎಂದು ಕೂಗಿದ್ದರೆ ದಂಡವಿಲ್ಲವೆಂಬ ವಿನಾಯಿತಿಗಳಿವೆ. ಗಾಡಿ ಹೊಡೆಯಲು ಬಾರದವನಿಂದ ಅನಾಹುತವಾದರೆ ಮಾತ್ರ ಒಡೆಯನೇ ಇನ್ನೂರು ಪಣ ತೆರಬೇಕು. ಹೊಡೆಯುವವನು ನುರಿತವನಾಗಿದ್ದರೆ ದಂಡ ಅವನದು. ಲೈಸೆನ್ಸಿಲ್ಲದ ಡ್ರೈವರನಿಗೆ ಲಾರಿ ಕೊಟ್ಟ ಮಾಲೀಕನ ವಿರುದ್ಧ ಇವತ್ತು ನಡೆಯುವ ವಾದಕ್ಕೂ ಇದಕ್ಕೂ ಬಹಳ ದೂರವಿಲ್ಲ.

ಯಾಜ್ಞವಲ್ಕ್ಯ ಸ್ಮೃತಿ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಹೊಡೆದು ನೋವು ಮಾಡಿದವನು ದಂಡವನ್ನಷ್ಟೇ ಅಲ್ಲ, ಏಟು ತಿಂದವನು ಮತ್ತೆ ಎದ್ದು ಓಡಾಡುವವರೆಗಿನ ಖರ್ಚನ್ನೂ ಕೊಡಬೇಕು. ಆ ಖರ್ಚೆಂದರೆ ಗಾಯ ಮಾಯಲು ಬೇಕಾದ ಔಷಧ ಮತ್ತು ಪಥ್ಯದ ಖರ್ಚು ಎಂದು ಬಿಡಿಸಿ ಹೇಳಿದ್ದು ‘ಮಿತಾಕ್ಷರಾ’. ಅದನ್ನು ಬರೆದ ವಿಜ್ಞಾನೇಶ್ವರ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ, ಅಂದರೆ ಈಗಿನ ಬಸವಕಲ್ಯಾಣದಲ್ಲಿ ಇದ್ದವನು. ಹಾಗೆಂದು ಹಿಂದಿನದೆಲ್ಲ ಚೆನ್ನಾಗಿತ್ತೆಂದು ಹಿಗ್ಗಬೇಕಿಲ್ಲ. ಅದೇ ಶಾಸ್ತ್ರದಲ್ಲಿ ಹೊಡೆದವನ ಜಾತಿ, ಹೊಡೆಸಿಕೊಂಡವನ ಜಾತಿ ನೋಡಿ ದಂಡ ಏರುತ್ತದೆ, ಇಳಿಯುತ್ತದೆ.

1923ರ ಕಾಯ್ದೆ ಮಾಡಿದ ಮುಖ್ಯ ಕೆಲಸವೆಂದರೆ ‘ತಪ್ಪು ಯಾರದು’ ಎಂಬ ಪ್ರಶ್ನೆಯನ್ನು ಬಹುಮಟ್ಟಿಗೆ ಪಕ್ಕಕ್ಕಿಟ್ಟದ್ದು. ಕೆಲಸದ ವೇಳೆ, ಕೆಲಸದಿಂದಾಗಿ ಏಟಾಗಿದೆಯೇ? ಹಾಗಿದ್ದರೆ ಪರಿಹಾರ ಕೊಡು. ತೀರ್ಮಾನಿಸುವುದು ಸಿವಿಲ್ ಕೋರ್ಟಲ್ಲ, ಅದಕ್ಕೆಂದೇ ನೇಮಕವಾದ ಕಮಿಷನರು. ಆದರೆ ಮೊತ್ತ ನೋಡಿ. ವಯಸ್ಕನೊಬ್ಬ ಶಾಶ್ವತವಾಗಿ, ಪೂರ್ತಿಯಾಗಿ ದುಡಿಯಲಾರದವನಾದರೆ 42 ತಿಂಗಳ ಸಂಬಳ ಅಥವಾ 3,500 ರೂಪಾಯಿ, ಯಾವುದು ಕಡಿಮೆಯೋ ಅದು. ಸತ್ತರೆ 30 ತಿಂಗಳ ಸಂಬಳ ಅಥವಾ 2,500 ರೂಪಾಯಿ, ಅಲ್ಲೂ ಕಡಿಮೆಯದೇ. ಸತ್ತವನಿಗಿಂತ ಬದುಕುಳಿದವನಿಗೆ ಹೆಚ್ಚು ಏಕೆ ಎಂದು ಕೇಳುವವರು ಹಾಸಿಗೆ ಹಿಡಿದವರಿರುವ ಮನೆಯ ಖರ್ಚನ್ನು ನೋಡಿಲ್ಲ. ಇನ್ನು ಜೊತೆಗಾರನ ತಪ್ಪೆಂಬ ಕೋಟೆ ಭಾರತದಲ್ಲಿ ಕಾನೂನಿನಿಂದ ಬಿದ್ದದ್ದು 1938ರಲ್ಲಿ. ಅದನ್ನು ಕಟ್ಟಿದ ಇಂಗ್ಲೆಂಡಿನಲ್ಲಿ ಬಿದ್ದದ್ದು ಅದಾದ ಹತ್ತು ವರ್ಷಕ್ಕೆ, 1948ರಲ್ಲಿ.

ಅಪಘಾತಕ್ಕೊಂದು ತಾರೀಖಿದೆ, ಗಂಟೆಯಿದೆ, ಸಾಕ್ಷಿ ಹೇಳುವವರಿದ್ದಾರೆ. ದೂಳಿಗೆ ಇದಾವುದೂ ಇಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಬಂಡೆ ಸಿಡಿದು ಸತ್ತವರದು, ಕಾಲು ಮುರಿದುಕೊಂಡವರದು ಒಂದು ಕಥೆಯಾದರೆ, ಕಲ್ಲಿನ ದೂಳು ಕುಡಿದು ವರ್ಷಗಳ ಮೇಲೆ ಉಸಿರು ಕಟ್ಟಿದವರದು ಇನ್ನೊಂದು. 1923ರ ಕಾಯ್ದೆಯ ರೋಗಗಳ ಪಟ್ಟಿಯಲ್ಲಿ ಉಣ್ಣೆ, ತೊಗಲಿನ ಕೆಲಸದವರಿಗೆ ತಗಲುವ ಆಂತ್ರಾಕ್ಸ್ ಇತ್ತು, ಸೀಸದ ವಿಷವಿತ್ತು, ರಂಜಕದ ವಿಷವಿತ್ತು. ಕಲ್ಲಿನ ದೂಳಿನಿಂದ ಬರುವ ಸಿಲಿಕೋಸಿಸ್ ಇರಲಿಲ್ಲ. 1940ರ ದಶಕದಲ್ಲಿ ಕೆ.ಜಿ.ಎಫ್.ನ ಏಳೂವರೆ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಪರೀಕ್ಷಿಸಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರ ಶ್ವಾಸಕೋಶದಲ್ಲಿ ಅದು ಕಂಡುಬಂತು. ಬೆರಳೆಣಿಸಿ ದರ ಕಟ್ಟುವ ಪಟ್ಟಿಗೆ ಇಂಥ ಕಾಯಿಲೆ ಒಗ್ಗುವುದಿಲ್ಲ. ಯಾವ ದಿನದ ಯಾವ ಪಾಳಿಯಲ್ಲಿ ಏಟಾಯಿತೆಂದು ಗಣಿಗಾರ ಹೇಳಬೇಕು?

ಸ್ವಾತಂತ್ರ್ಯದ ನಂತರ ಗಾಯಾಳುಗಳ ದಾವೆ ಗಣಿ, ಗಿರಣಿಗಳಿಂದ ರಸ್ತೆಗಿಳಿಯಿತು. 1939ರ ಮೋಟಾರು ವಾಹನ ಕಾಯ್ದೆಯಡಿ ಮೂರನೆಯವರ ವಿಮೆ ಕಡ್ಡಾಯವಾದದ್ದು 1946ರ ಜುಲೈನಿಂದ. ವಿಮೆಯೇನೋ ಬಂತು. ಆದರೆ ಹಣ ಕೇಳಬೇಕಾದರೆ ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಿ, ಕೇಳಿದ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಕಟ್ಟಬೇಕಿತ್ತು. ಆಸ್ಪತ್ರೆಯ ಸಾಲವೇ ತೀರದವನು ಫೀ ಎಲ್ಲಿಂದ ತಂದಾನು? 1956ರ ತಿದ್ದುಪಡಿ ಅಪಘಾತ ಪರಿಹಾರ ನ್ಯಾಯಮಂಡಳಿಗಳಿಗೆ ದಾರಿ ಮಾಡಿತು. ಬೆಂಗಳೂರಿನಲ್ಲಿ ಆ ಕೆಲಸ ಲಘುವ್ಯವಹಾರಗಳ ನ್ಯಾಯಾಲಯಕ್ಕೆ ಬಂತು. ಸಣ್ಣಪುಟ್ಟ ಬಾಕಿ ವ್ಯಾಜ್ಯಗಳಿಗೆಂದು ಇದ್ದ ಕೋರ್ಟಿನಲ್ಲಿ ಈಗ ಬೆನ್ನುಮೂಳೆ ಮುರಿದವರ ‘ಎಂ.ವಿ.ಸಿ.’, ಅಂದರೆ ಮೋಟಾರು ವಾಹನ ಪರಿಹಾರದ ಕೇಸುಗಳ ರಾಶಿ.

ಎಂ.ವಿ.ಸಿ. ಕೇಸಿಗೆ ಅದರದೇ ಕಾಗದಪತ್ರಗಳಿವೆ. ಎಫ್‌ಐಆರ್, ಮಹಜರು, ವೂಂಡ್ ಸರ್ಟಿಫಿಕೇಟು, ಡಿಸ್ಚಾರ್ಜ್ ಸಮ್ಮರಿ, ಔಷಧದಂಗಡಿಯ ಬಿಲ್ಲುಗಳ ಕಟ್ಟು, ಕೊನೆಗೆ ಡಾಕ್ಟರು ಕೊಡುವ ‘ಡಿಸೆಬಿಲಿಟಿ ಪರ್ಸೆಂಟು’. ಜಗ್ಗಾಟವೆಲ್ಲ ಈ ಕೊನೆಯದರ ಸುತ್ತ. ಮೂವತ್ತರ ಪ್ರಾಯದವನಿಗೆ ತಿಂಗಳಿಗೆ 10,000 ರೂಪಾಯಿ ಆದಾಯವಿತ್ತೆನ್ನಿ. 2009ರಲ್ಲಿ ಸುಪ್ರೀಂ ಕೋರ್ಟು ಗೊತ್ತುಮಾಡಿದ ಪಟ್ಟಿಯಲ್ಲಿ ಆ ವಯಸ್ಸಿಗೆ ಗುಣಕ 17. ವರ್ಷದ 1,20,000ವನ್ನು 17ರಿಂದ ಗುಣಿಸಿದರೆ 20,40,000. ಗಳಿಕೆಯ ಶಕ್ತಿ ಪೂರ್ತಿ ಹೋಗಿದೆ ಎಂದಾದರೆ ಅಷ್ಟೂ ಸಿಗುತ್ತದೆ. 40 ಪರ್ಸೆಂಟು ಎಂದಾದರೆ 8,16,000. ವಿಮಾ ಕಂಪನಿಯ ವಕೀಲರು ಡಾಕ್ಟರನ್ನು ಅಷ್ಟು ಹೊತ್ತು ಪಾಟೀಸವಾಲಿಗೆ ನಿಲ್ಲಿಸಿಕೊಳ್ಳುವುದು ಈ ಹನ್ನೆರಡು ಲಕ್ಷ ಚಿಲ್ಲರೆಗಾಗಿ.

ಪರ್ಸೆಂಟಿನ ಈ ಜಗಳದಲ್ಲಿ ಹಳೆಯ ದರಪಟ್ಟಿಯ ಹಿಡಿತ ಸಡಿಲಿಸಿದವನು ಒಬ್ಬ ಬಡಗಿ. 1968ರಲ್ಲಿ ಒಡಿಶಾದ ಜೈಪೋರ್‌ನ ಚಿತ್ರಮಂದಿರವೊಂದರಲ್ಲಿ ಅಲಂಕಾರದ ಮರಗೆಲಸ ಮಾಡುತ್ತಿದ್ದವನು ಬಿದ್ದು ಎಡಗೈ ಕಳೆದುಕೊಂಡ. ಕಮಿಷನರು ನೂರಕ್ಕೆ ನೂರು ನಷ್ಟವೆಂದು ಬರೆದರು. ಮಾಲೀಕ ಪಟ್ಟಿಯನ್ನು ಹಿಡಿದು ಸುಪ್ರೀಂ ಕೋರ್ಟಿನವರೆಗೂ ಹೋದ. ಒಂದೇ ಕೈಯಲ್ಲಿ ಬಡಗಿ ಕೆಲಸ ಮಾಡಲಾಗದು, ಕಮಿಷನರು ಬರೆದದ್ದೇ ಸರಿ ಎಂದು ನಾಲ್ವರು ನ್ಯಾಯಮೂರ್ತಿಗಳ ಪೀಠ 1975ರ ಡಿಸೆಂಬರಿನಲ್ಲಿ ಹೇಳಿತು.

ಆ ಮಾತನ್ನು ರಸ್ತೆ ಅಪಘಾತದ ಕೇಸುಗಳಿಗೆ ಅಚ್ಚುಕಟ್ಟಾಗಿ ವಿಸ್ತರಿಸಿದವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಮೊದಲು ಕರ್ನಾಟಕ ಹೈಕೋರ್ಟಿನಲ್ಲಿ ವಕೀಲರಾಗಿ, ನಂತರ ನ್ಯಾಯಮೂರ್ತಿಯಾಗಿ ಇದ್ದವರು. 2009ರ ಗುಣಕದ ಪಟ್ಟಿಯೂ ಅವರ ತೀರ್ಪಿನದೇ. 2010ರ ಅಕ್ಟೋಬರಿನ ಇನ್ನೊಂದು ತೀರ್ಪಿನಲ್ಲಿ ಅವರು ಕೊಟ್ಟ ಉದಾಹರಣೆ ಇಂದಿಗೂ ಕೆಳಗಿನ ಕೋರ್ಟುಗಳಲ್ಲಿ ಓಡಾಡುತ್ತಿದೆ. ಎಡಗೈ ಹೋದರೆ ದೇಹದ ಲೆಕ್ಕದಲ್ಲಿ ಅರವತ್ತು ಪರ್ಸೆಂಟು ಇರಬಹುದು. ಡ್ರೈವರನಿಗೋ ಬಡಗಿಗೋ ಅದು ಹೆಚ್ಚುಕಡಿಮೆ ನೂರು. ಸರ್ಕಾರಿ ಗುಮಾಸ್ತನ ನೌಕರಿ ಉಳಿದರೆ ಗಳಿಕೆಯ ನಷ್ಟ ಅಷ್ಟಿಲ್ಲ. ಒಂದು ಕಾಲಿಗೆ 45 ಪರ್ಸೆಂಟು ಎಂದರೆ ಇಡೀ ದೇಹಕ್ಕೆ 45 ಅಲ್ಲ ಎಂದೂ ಅವರು ಎಚ್ಚರಿಸಿದರು. ಕೇಳಿದವರಿಗೆಲ್ಲ ಸರ್ಟಿಫಿಕೇಟು ಬರೆದುಕೊಡುವ ಡಾಕ್ಟರುಗಳ ಬಗೆಗೂ ಅಲ್ಲಿ ಎಚ್ಚರಿಕೆಯ ಮಾತಿದೆ. ಕೋರ್ಟಿನ ಆವರಣ ಬಲ್ಲ ಯಾರಿಗೂ ಅದು ಅತಿಯೆನಿಸದು.

ಇನ್ನೊಂದು ತೊಡಕು ಆದಾಯದ್ದು. ಕೂಲಿಯವನ ಹತ್ತಿರ ಪೇ ಸ್ಲಿಪ್ ಎಲ್ಲಿರುತ್ತದೆ? ಕರ್ನಾಟಕದ ಒಬ್ಬ ಕೂಲಿ ಕಾರ್ಮಿಕ 2004ರಲ್ಲಿ ಗಾಯಗೊಂಡು, ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆ ಎಂದ. ದಾಖಲೆಯಿಲ್ಲವೆಂದು ನ್ಯಾಯಮಂಡಳಿ ಅದನ್ನು 3,000ಕ್ಕೆ ಇಳಿಸಿತು. ಅಸಂಘಟಿತ ವಲಯದವನಿಂದ ದಾಖಲೆ ನಿರೀಕ್ಷಿಸಲಾಗದು ಎಂದ ಸುಪ್ರೀಂ ಕೋರ್ಟು 2011ರಲ್ಲಿ ಅವನ ಮಾತನ್ನೇ ಒಪ್ಪಿತು. ರಾಜ್ಯದಲ್ಲಿ ಲೋಕ ಅದಾಲತ್ತಿಗೆಂದು ವರ್ಷವಾರು ಅಂದಾಜು ಆದಾಯದ ಒಂದು ಚಾರ್ಟಿದೆ. ಅಪಘಾತದ ವರ್ಷ ನೋಡಿ ಅದರಂತೆ ಹಾಕುವುದು ಕೋರ್ಟುಗಳಲ್ಲೂ ರೂಢಿಯಾಗಿದೆ. ದರಪಟ್ಟಿಯ ಮೋಹ ನಮ್ಮನ್ನು ಬಿಟ್ಟಿಲ್ಲ. ವರ್ಷಗಟ್ಟಲೆ ಕಾಯುವುದಕ್ಕಿಂತ ಪಟ್ಟಿಯೇ ವಾಸಿ ಎನ್ನುವ ಕಕ್ಷಿದಾರರೂ ಇದ್ದಾರೆ, ಅವರ ಮಾತಿನಲ್ಲೂ ನ್ಯಾಯವಿದೆ.

ಕಾಯುವಿಕೆ ಎಂಥದೆಂಬುದಕ್ಕೆ ಪಂಜಾಬ್–ಹರಿಯಾಣ ಹೈಕೋರ್ಟಿನಿಂದ ಮೇಲಕ್ಕೆ ಹೋದ ಒಂದು ಕೇಸು ಸಾಕು. 2007ರಲ್ಲಿ ಹನ್ನೆರಡರ ಹುಡುಗಿಯೊಬ್ಬಳ ಮೆದುಳಿಗೆ ಏಟಾಗಿ ಬದುಕಿಡೀ ಇನ್ನೊಬ್ಬರನ್ನು ಅವಲಂಬಿಸುವಂತಾಯಿತು. ನ್ಯಾಯಮಂಡಳಿ 11 ಲಕ್ಷ ಚಿಲ್ಲರೆ ಕೊಟ್ಟಿತು, ಹೈಕೋರ್ಟು ಅದನ್ನು 25 ಲಕ್ಷ ದಾಟಿಸಿತು. 2020ರಲ್ಲಿ ಸುಪ್ರೀಂ ಕೋರ್ಟು 62 ಲಕ್ಷಕ್ಕೂ ಹೆಚ್ಚು ಕೊಡಿಸಿತು. ಅದರಲ್ಲಿ 21,60,000 ಆರೈಕೆ ಮಾಡುವವರಿಗೆ: ಹಗಲಿಗೊಬ್ಬರು, ರಾತ್ರಿಗೊಬ್ಬರು, ತಿಂಗಳಿಗೆ ತಲಾ 5,000 ರೂಪಾಯಿಯಂತೆ. ಮನೆಯ ಹೆಂಗಸರು ಸಂಬಳವಿಲ್ಲದೆ ಮಾಡುತ್ತ ಬಂದ ಕೆಲಸಕ್ಕೂ ಗುಣಕ ಹಾಕಬಹುದೆಂದು ಕೋರ್ಟು ಒಪ್ಪಿದ್ದು ಈ ಇಡೀ ಇತಿಹಾಸದಲ್ಲಿ ಸಣ್ಣ ಸಂಗತಿಯಲ್ಲ.

ಅರ್ಜಿ ಹಾಕುವ ಗಡುವು ಮಾತ್ರ ಉಯ್ಯಾಲೆಯಾಡುತ್ತಲೇ ಇದೆ. 1956ರಲ್ಲಿ ಇದ್ದದ್ದು 60 ದಿನ. ಆಮೇಲೆ ಆರು ತಿಂಗಳಾಯಿತು. 1994ರಲ್ಲಿ ಗಡುವನ್ನೇ ತೆಗೆದರು. ಗಾಯಾಳು ತಾನಿರುವ ಊರಿನಲ್ಲೇ ಅರ್ಜಿ ಹಾಕಬಹುದೆಂಬ ಅನುಕೂಲವೂ ಆಗಲೇ ಬಂತು. ಪುಣೆಯಲ್ಲಿ ಕಾಲು ಮುರಿದುಕೊಂಡ ಬೀದರಿನವನು ಬೀದರಿನಲ್ಲೇ ಕೇಸು ನಡೆಸಬಹುದಾಯಿತು. 2019ರ ತಿದ್ದುಪಡಿಯ ಮೂಲಕ ಆರು ತಿಂಗಳ ಗಡುವು ವಾಪಸಾಗಿ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಬೆನ್ನುಹುರಿಗೆ ಏಟು ಬಿದ್ದವನು ಆರು ತಿಂಗಳಲ್ಲಿ ಆಸ್ಪತ್ರೆಯಿಂದ ಹೊರಗೆ ಬಂದಿರುವುದೇ ಕಷ್ಟ. ಈ ಗಡುವು ಸರಿಯೇ ಎಂದು ಕೇಳುವ ಅರ್ಜಿಗಳು ಈಗ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿವೆ.