ಬಾಣದಿಂದ ಸಮಚಿಹ್ನೆಗೆ: ಆರಂಭಿಕ ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಅಸೈನ್‌ಮೆಂಟಿನ ಬರವಣಿಗೆ

ಲೆಕ್ಕದ ಫಲವನ್ನು ಕಂಪ್ಯೂಟರಿನ ಸ್ಮೃತಿಯಲ್ಲಿ ಹೆಸರಿಟ್ಟ ಜಾಗವೊಂದರಲ್ಲಿ ಇಡುವ ಆಜ್ಞೆಗೆ ಅಸೈನ್‌ಮೆಂಟ್ ಎನ್ನುತ್ತಾರೆ. ಆ ಜಾಗದಲ್ಲಿ ಮೊದಲಿದ್ದ ಬೆಲೆ ಅಳಿದುಹೋಗುತ್ತದೆ. ‘ಕ = ಕ + 1’ ಎಂಬುದು ಬೀಜಗಣಿತದಲ್ಲಿ ಅಸಂಬದ್ಧ; ಪ್ರೋಗ್ರಾಮಿನಲ್ಲಿ ‘ಕ’ದ ಬೆಲೆಯನ್ನು ಒಂದರಷ್ಟು ಏರಿಸು ಎಂಬ ಸಾದಾ ಆಜ್ಞೆ. ಗಣಿತದಲ್ಲಿ ಇಂಥ ಕ್ರಿಯೆಗೆ ಸಿದ್ಧ ಚಿಹ್ನೆ ಇರಲಿಲ್ಲವಾದ್ದರಿಂದ ಮೊದಲ ತಲೆಮಾರಿನ ಭಾಷಾಕಾರರು ತಮಗೆ ತೋಚಿದಂತೆ ಒಂದೊಂದನ್ನು ಗೊತ್ತುಮಾಡಿಕೊಂಡರು.

ಜರ್ಮನಿಯ ಕೊನ್ರಾಡ್ ಟ್ಸೂಸ 1945ರ ಹೊತ್ತಿಗೆ ರೂಪಿಸಿದ್ದ ಪ್ಲಾಂಕಾಲ್ಕ್ಯೂಲ್ ಭಾಷೆಯಲ್ಲಿ ಲೆಕ್ಕ ಎಡಕ್ಕೆ, ಫಲ ಸೇರುವ ಚರ ಬಲಕ್ಕೆ, ನಡುವೆ ‘ಫಲಚಿಹ್ನೆ’. ಇದು ಮುಂದೆ ‘ಕ + 1 ⇒ ಕ’ ಎಂಬ ರೂಪದಲ್ಲಿ ಅಚ್ಚಾಯಿತು. ಟ್ಸೂಸನ ಪೂರ್ಣ ಬರಹ ಪ್ರಕಟವಾದದ್ದು 1972ರಲ್ಲಿ. ಆದರೆ ಜ್ಯೂರಿಕ್‌ನ ಹೈನ್ಸ್ ರುಟಿಶೌಸರ್‌ಗೆ ಆ ಚಿಹ್ನೆ ಬಹಳ ಮೊದಲೇ ಪರಿಚಿತವಾಗಿತ್ತು. ಅತ್ತ ಅಮೆರಿಕದಲ್ಲಿ ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ 1947ರ ವರದಿಯ ಹರಿವು ನಕ್ಷೆಗಳಲ್ಲಿ ಬಾಣವನ್ನೇ ಬಳಸಿದ್ದರು. ಅಲ್ಲಿಯೂ ಬಾಣದ ತುದಿ ಚರದ ಕಡೆಗೆ.

ಈ ಕಾಲದ ಅತ್ಯಂತ ಕುತೂಹಲಕರ ಪ್ರಯೋಗ ಕೊರಾದೋ ಬೋಮ್ 1951ರಲ್ಲಿ ಜ್ಯೂರಿಕ್‌ನಲ್ಲಿ ಬರೆದ ಪ್ರಬಂಧದಲ್ಲಿದೆ. ಬೋಮ್‌ನ ಭಾಷೆಯಲ್ಲಿ ಅಸೈನ್‌ಮೆಂಟ್ ಬಿಟ್ಟರೆ ಬೇರೆ ಬಗೆಯ ವಾಕ್ಯವೇ ಇಲ್ಲ. ಮುಂದೆ ನಡೆಸಬೇಕಾದ ಆಜ್ಞೆ ಎಲ್ಲಿದೆ ಎಂಬುದನ್ನು ತೋರಿಸುವ ಚರಕ್ಕೆ π ಎಂದು ಹೆಸರು. ‘ಗ → π’ ಎಂದರೆ ‘ಗ’ ಎಂಬಲ್ಲಿಗೆ ಜಿಗಿ ಎಂದರ್ಥ. ‘? → ಕ’ ಎಂದರೆ ಹೊರಗಿನಿಂದ ಒಂದು ಸಂಖ್ಯೆಯನ್ನು ಓದಿಕೋ. ಷರತ್ತಿನ ಜಿಗಿತವನ್ನು ಕೂಡ ಸೊನ್ನೆ-ಒಂದುಗಳ ಗುಣಾಕಾರದಿಂದ ಸಾಧಿಸಿ ಅದರ ಫಲವನ್ನು π ಗೆ ಕಳಿಸುವ ಏರ್ಪಾಡಿತ್ತು. ಒಂದೇ ಬಾಣದಿಂದ ಭಾಷೆಯನ್ನೆಲ್ಲ ಕಟ್ಟಿದ ಈ ಜಾಣ್ಮೆಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ. ಮ್ಯಾಂಚೆಸ್ಟರ್‌ನಲ್ಲಿ ಆಲಿಕ್ ಗ್ಲೆನಿ 1952ರಲ್ಲಿ ಮಾಡಿದ ಆಟೋಕೋಡ್ ಸಹ ‘+5 → ಕ’ ಎಂಬ ಕ್ರಮವನ್ನೇ ಅನುಸರಿಸಿತು.

ಯಂತ್ರ ನಡೆಯುವುದೂ ಇದೇ ಕ್ರಮದಲ್ಲಿ: ಮೊದಲು ಲೆಕ್ಕ, ಆಮೇಲೆ ಸಂಗ್ರಹ. ಕನ್ನಡ ಶಾಲೆಯ ವ್ಯಾಕರಣದಲ್ಲಿ ‘ಮಳೆ + ಕಾಲ = ಮಳೆಗಾಲ’ ಎಂದು ಆದೇಶ ಸಂಧಿಯನ್ನು ಬರೆಯುವಾಗಲೂ ಕೂಡುವ ಪದಗಳು ಎಡಕ್ಕೆ, ಆಗುವ ರೂಪ ಬಲಕ್ಕೆ; ಅಲ್ಲಿನ ಸಮಚಿಹ್ನೆ ಸಮತೆಯನ್ನಲ್ಲ, ಮಾರ್ಪಾಡನ್ನು ಸೂಚಿಸುತ್ತದೆ. ಹೀಗಿದ್ದೂ ಚರ ಎಡಕ್ಕೆ ಸರಿದದ್ದು ಗಣಿತಸೂತ್ರಗಳ ಪ್ರತಿಷ್ಠೆಯಿಂದ. ಎಂ.ಐ.ಟಿ.ಯ ಲೇನಿಂಗ್ ಮತ್ತು ಜಿಯರ್ಲರ್ 1954ರ ತಮ್ಮ ಭಾಷೆಯಲ್ಲಿ ಸೂತ್ರದಂತೆಯೇ = ಬಳಸಿದರು. ಜಾನ್ ಬ್ಯಾಕಸ್ ನೇತೃತ್ವದ ಐ.ಬಿ.ಎಂ. ತಂಡ 1957ರಲ್ಲಿ ಹೊರತಂದ ಫೋರ್ಟ್ರಾನ್ ಅದನ್ನು ಜಗತ್ತಿನೆಲ್ಲೆಡೆ ಹರಡಿತು. ಇದಕ್ಕೆ ಲೌಕಿಕ ಕಾರಣವೂ ಇತ್ತು: ಪಂಚ್ ಕಾರ್ಡ್ ಯಂತ್ರದಲ್ಲಿ ಬಾಣದ ಗುರುತೇ ಇರಲಿಲ್ಲ. ಜೊತೆಗೆ ಮೊದಲ ಫೋರ್ಟ್ರಾನ್‌ನಲ್ಲಿ ಸಮತೆಯನ್ನು ಪರೀಕ್ಷಿಸುವ ಪ್ರತ್ಯೇಕ ಚಿಹ್ನೆಯೂ ಇರಲಿಲ್ಲ. ಫಲ ಋಣವೋ ಸೊನ್ನೆಯೋ ಧನವೋ ಎಂದು ನೋಡಿ ಮೂರು ದಾರಿ ಹಿಡಿಯುವ ‘ಇಫ್’ ಮಾತ್ರ ಇತ್ತು. ಹಾಗಾಗಿ = ಎರಡು ಅರ್ಥಗಳ ನಡುವೆ ಸಿಕ್ಕಿಕೊಳ್ಳಲಿಲ್ಲ.

1958ರ ಮೇ 27ರಿಂದ ಜೂನ್ 2ರವರೆಗೆ ಯುರೋಪ್ ಮತ್ತು ಅಮೆರಿಕದ ಎಂಟು ಮಂದಿ ಜ್ಯೂರಿಕ್‌ನಲ್ಲಿ ಕೂತು ಆಲ್ಗಾಲ್ ಭಾಷೆಯ ಮೊದಲ ರೂಪವನ್ನು ಸಿದ್ಧಪಡಿಸಿದರು. ಯುರೋಪಿನವರ ಒಲವು ⇒ ಕಡೆಗೆ. ಅಮೆರಿಕದವರಿಗೆ ಚರ ಎಡಕ್ಕೇ ಬೇಕು. ಕೊನೆಗೆ ನಿಂತದ್ದು := ಎಂಬ ಜೋಡಿ ಗುರುತು. ದಿಕ್ಕಿನಲ್ಲಿ ಅಮೆರಿಕದ ಮಾತು ನಡೆಯಿತು. ಅಸೈನ್‌ಮೆಂಟಿಗೆ ಸಮತೆಯಿಂದ ಬೇರೆಯಾದ ಗುರುತೂ ದೊರೆಯಿತು. ರಾಜಿಯಾದರೂ ಚಿಹ್ನೆ ನಿಸ್ಸಂದಿಗ್ಧವಾಗಿತ್ತು. ನಿಕ್ಲೌಸ್ ವಿರ್ತ್ 1970ರ ಪಾಸ್ಕಲ್‌ನಲ್ಲಿ ಅದನ್ನೇ ಉಳಿಸಿಕೊಂಡರು.

ಕೆನೆತ್ ಐವರ್ಸನ್ 1962ರ ತಮ್ಮ ಪುಸ್ತಕದಲ್ಲಿ ಎಡಮುಖದ ಬಾಣವನ್ನು ಬಳಸಿದರು. 1963ರ ಆಸ್ಕಿ ಸಂಕೇತ ಪಟ್ಟಿಯಲ್ಲಿ ← ಕ್ಕೆ ಸ್ಥಾನವೂ ಇತ್ತು. 1967ರ ಪರಿಷ್ಕರಣೆಯಲ್ಲಿ ಅದು ಅಡಿಗೆರೆಯ ಪಾಲಾಯಿತು. ಸಾಮಾನ್ಯ ಕೀಬೋರ್ಡಿನ ಮಟ್ಟಿಗೆ ಬಾಣದ ಕತೆ ಅಲ್ಲಿಗೆ ಮುಗಿಯಿತು.

ಇಂದಿನ ಬಳಕೆಯನ್ನು ನಿರ್ಧರಿಸಿದ್ದು ಬೆಲ್ ಪ್ರಯೋಗಾಲಯ. ಬಿ.ಸಿ.ಪಿ.ಎಲ್. ಭಾಷೆಯಲ್ಲಿದ್ದ := ಅನ್ನು ಕೆನ್ ಥಾಂಪ್ಸನ್ 1969ರ ಸುಮಾರಿಗೆ ಬಿ ಭಾಷೆಯಲ್ಲಿ = ಎಂದು ಮೊಟಕುಗೊಳಿಸಿದರು. ಸಮತೆಯ ಪರೀಕ್ಷೆಗಿಂತ ಅಸೈನ್‌ಮೆಂಟ್ ಹೆಚ್ಚು ಸಲ ಬರುವುದರಿಂದ ಅದಕ್ಕೇ ಚಿಕ್ಕ ಗುರುತು ಇರಲಿ ಎಂಬುದು ವಾದ. ಸಮತೆಗೆ == ಬಂತು. ಸಿ ಭಾಷೆ ಇದನ್ನೇ ಪಡೆದುಕೊಂಡಿತು. ಅಕ್ಷರವೊಂದನ್ನು ಉಳಿಸಿದ ಈ ಮಿತವ್ಯಯ ದುಬಾರಿಯಾಯಿತು: ಷರತ್ತಿನಲ್ಲಿ == ಬದಲು = ಬರೆದರೂ ಸಿ ಭಾಷೆ ಅದನ್ನು ಒಪ್ಪುತ್ತದೆ, ಲೆಕ್ಕ ಸದ್ದಿಲ್ಲದೆ ಕೆಡುತ್ತದೆ.

ಭಾರತದಲ್ಲಿ ಕಂಪ್ಯೂಟರ್ ಶಿಕ್ಷಣ ಬೆಳೆದದ್ದು ಫೋರ್ಟ್ರಾನ್ ಮೂಲಕ. ಕಾನ್ಪುರದ ಐ.ಐ.ಟಿ.ಗೆ 1963ರಲ್ಲಿ ಐ.ಬಿ.ಎಂ. 1620 ಬಂದಾಗ ಅಲ್ಲಿ ಕಲಿಸಿದವರಲ್ಲಿ ವಿ. ರಾಜಾರಾಮನ್ ಪ್ರಮುಖರು. 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವರ ಫೋರ್ಟ್ರಾನ್ ಪಠ್ಯಪುಸ್ತಕಗಳನ್ನು ಓದಿ ಕಲಿತ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಅಪಾರ. ಮುಂದೆ ಕರ್ನಾಟಕದ ಪಿಯುಸಿ ಪಠ್ಯದಲ್ಲಿ ಸಿ ಪ್ಲಸ್ ಪ್ಲಸ್ ನೆಲೆಯೂರಿದಾಗ = ಮತ್ತು == ಗಳ ಗೊಂದಲವೂ ಅದರೊಂದಿಗೆ ತರಗತಿಗೆ ಬಂತು. ಸಾಮಾನ್ಯ ಅಸೈನ್‌ಮೆಂಟಿಗೆ = ಬಳಸುವ ಪೈಥಾನ್ ಷರತ್ತಿನೊಳಗೆ ಅದನ್ನು ದೋಷವೆಂದೇ ತಿರಸ್ಕರಿಸುತ್ತದೆ; ಉಕ್ತಿಯ ನಡುವೆ ಅಸೈನ್‌ಮೆಂಟ್ ಬರೆಯಲು 2019ರ ಅದರ 3.8ನೇ ಆವೃತ್ತಿ := ಚಿಹ್ನೆಯನ್ನೇ ಆರಿಸಿಕೊಂಡಿತು.